ತನ್ನ ಮಾತು ತಾನು ಆಡದ ಮನೆ

ರಾಣೇಬೆನ್ನೂರು
9 ಮಾರ್ಚ್ 1993

ಶ್ರೀ ಹಾಲೇಶಪ್ಪನವರಿಗೆ,
ಅಧ್ಯಕ್ಷರು, ವಿದ್ಯಾರ್ಥಿ ಆಸರೆ ಸಮಿತಿ, ಹಾವೇರಿ

ನಮಸ್ಕಾರ.

ಕಳೆದ ಫೆಬ್ರುವರಿ 22, ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿದ್ದ ಒಬ್ಬ ವಿದ್ಯಾರ್ಥಿಯನ್ನು ಕುಡಿದಿದ್ದಾನೆಂದು ಹೇಳಿ ನಿಮ್ಮ ಸಮಿತಿ ಮನೆಯಿಂದ ಹೊರಗೆ ಹಾಕಿತು. ಮರುದಿನ ಅವನ ಹೆಸರು, ಊರು, ತರಗತಿ ಬರೆದು, ‘ಮದ್ಯಪಾನದ ಕಾರಣ ಹೊರಹಾಕಲಾಗಿದೆ’ ಎಂಬ ಚೀಟಿಯನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚಿಸಿತು. ಚೀಟಿ ಇನ್ನೂ ಅಲ್ಲಿದೆ. ನಿನ್ನೆ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ಆ ದಿನ ನಾನು ಹುಬ್ಬಳ್ಳಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದೆ. ಎರಡು ವಾರ ಬಿಟ್ಟು ಬಂದಾಗ ಆ ವಿದ್ಯಾರ್ಥಿ ಮೈಲಾರಪ್ಪನ ಟ್ರಂಕು ಇದ್ದ ಮೂಲೆ ಬರಿದಾಗಿತ್ತು. ಉಳಿದ ನಾಲ್ವರು ಹುಡುಗರು ನನ್ನ ಮುಖ ನೋಡದೆ ಅಕ್ಕಿ ಆರಿಸುತ್ತ ಕುಳಿತಿದ್ದರು.

ಈ ಮನೆ ಏತಕ್ಕೆ ಆಯಿತೆಂಬುದು ನಿಮಗೆ ಗೊತ್ತಿಲ್ಲದ್ದಲ್ಲ. ಆದರೂ ಕಾಗದದ ಮೇಲೆ ಇರಲಿ. ಆಸ್ಪತ್ರೆಯಲ್ಲಿ ಕುಡಿತ ಬಿಟ್ಟು ಬಂದ ಹುಡುಗರು ಮತ್ತೆ ಅದೇ ರೂಮು, ಅದೇ ಗೆಳೆಯರು, ಅದೇ ಸಾರಾಯಿ ಪ್ಯಾಕೆಟ್ಟುಗಳ ನಡುವೆ ಬಿದ್ದು ಓದು ಬಿಡುವುದನ್ನು ನೋಡಲಾಗದೆ, 1989ರ ಜೂನ್‌ನಲ್ಲಿ ನಿಮ್ಮ ಸಮಿತಿ ಮೆಡ್ಲೇರಿ ರಸ್ತೆಯ ಈ ಮನೆಯನ್ನು ಹಿಡಿಯಿತು. ನೋಡಿಕೊಳ್ಳುವ ಕೆಲಸವನ್ನು ನಿವೃತ್ತ ಮಾಸ್ತರನಾದ ನನಗೆ ವಹಿಸಿತು. ಹೊಸ್ತಿಲ ಒಳಗೆ ಸಾರಾಯಿ, ಗಾಂಜಾ, ಬೀಡಿ ಯಾವುದೂ ಬರಕೂಡದೆಂಬ ಕಾಯ್ದೆ ನಿಮ್ಮದು.

ಇನ್ನೊಂದು ಕಾಯ್ದೆ ನನ್ನದು. ಸಂಜೆ ಊಟಕ್ಕೆ ಮುಂಚೆ ಎಲ್ಲರೂ ಕೂಡಿ ಆ ದಿನದ ಮಾತು ಹೇಳಬೇಕು. ಆದರೆ ‘ನಾನು ಕುಡಿದಿಲ್ಲ’ ಎಂದು ಯಾರೂ ತಮ್ಮ ಬಗ್ಗೆ ತಾವು ಹೇಳುವಂತಿಲ್ಲ. ಆ ಮಾತನ್ನು ಈ ಹುಡುಗರು ಅಪ್ಪ ಅವ್ವನ ಮುಂದೆ ನೂರು ಸಲ ಹೇಳಿ ಸವೆಸಿಬಿಟ್ಟಿದ್ದಾರೆ. ಅದಕ್ಕೇ ಪ್ರತಿಯೊಬ್ಬನಿಗೂ ಒಬ್ಬ ಜೋಡಿ. ಮೈಲಾರಪ್ಪನ ಬಗ್ಗೆ ಸಲಾವುದ್ದೀನ ಹೇಳಬೇಕು, ಸಲಾವುದ್ದೀನನ ಬಗ್ಗೆ ಮೈಲಾರಪ್ಪ. ಕಳೆದ ಒಂದು ವರ್ಷದಿಂದ ಈ ಇಬ್ಬರ ಸಾಕ್ಷಿ ಒಂದು ದಿನವೂ ಸುಳ್ಳಾಗಿಲ್ಲ.

ಹೀಗಿರುವಾಗ ನನ್ನ ಪ್ರಶ್ನೆ: ಅವನು ಕುಡಿದದ್ದನ್ನು ಕಂಡವರು ಯಾರು? ಅವನನ್ನು ಏನು ಕೇಳಿದಿರಿ, ಅವನು ಏನು ಹೇಳಿದ? ಸಣ್ಣ ಕಳ್ಳನನ್ನೂ ‘ನಿನ್ನ ಮಾತೇನು’ ಎಂದು ಕೇಳದೆ ಯಾವ ನ್ಯಾಯಾಧೀಶನೂ ಶಿಕ್ಷೆ ಬರೆಯುವುದಿಲ್ಲ.

ಅವನು ತನ್ನೂರು ಐರಣಿಗೆ ಹೋಗಿಲ್ಲ. ತಾಯಿ ದುರಗವ್ವ ಮೊನ್ನೆ ರೊಟ್ಟಿ ಗಂಟು ಹಿಡಿದು ಮಗನನ್ನು ನೋಡಲು ಇಲ್ಲಿಗೇ ಬಂದಿದ್ದಳು. “ನನ್ನ ಮಗಾ ಎಲ್ಲಿ ಹೋಗ್ಯಾನ್ರಿ ಮಾಸ್ತರ?” ಎಂದು ಕೇಳಿದಳು. ಬ್ಯಾಡಗಿಯ ಅತ್ತೆಯ ಮನೆಯಲ್ಲಿರಬೇಕೆಂದು ಸಲಾವುದ್ದೀನನ ಊಹೆ. ಬಿ.ಎ. ಕೊನೆಯ ವರ್ಷದ ಪರೀಕ್ಷೆ ಏಪ್ರಿಲ್ 26ಕ್ಕೆ. ಈ ಮನೆ ತಪ್ಪಿದರೆ ಆ ಹುಡುಗನಿಗೆ ಪರೀಕ್ಷೆಯೂ ತಪ್ಪುತ್ತದೆ, ಕುಡಿಯದೆ ಕಳೆಯುವ ದಿನಗಳೂ ತಪ್ಪುತ್ತವೆ.

ಕಣ್ಣಿಗೆ ಪಟ್ಟಿ ಇರುವುದರಿಂದ ಅಕ್ಷರ ಸಲಾವುದ್ದೀನನದು. ಮಾತು ನನ್ನದು.

ಮಾಲತೇಶಪ್ಪ


ಹಾವೇರಿ
11 ಮಾರ್ಚ್ 1993

ಗೆಳೆಯ ಮಾಲತೇಶಪ್ಪನಿಗೆ ಹಾಲೇಶಪ್ಪನ ನಮಸ್ಕಾರಗಳು.

ಬೋರ್ಡಿಂಗಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು ನಾವು. ನಾನು ಅಧ್ಯಕ್ಷನಾದದ್ದು ನಿನ್ನ ಬಾಯಲ್ಲಿ ‘ನೀವು’ ಅನ್ನಿಸಿಕೊಳ್ಳಲಿಕ್ಕಲ್ಲ. ಕಣ್ಣು ಹೇಗಿದೆ? ಬಗ್ಗಬೇಡ, ಕೊಡ ಎತ್ತಬೇಡ, ಒಲೆಯ ಹೊಗೆಗೆ ಹೋಗಬೇಡ. ನಿನ್ನ ಸ್ವಭಾವ ಗೊತ್ತಿರುವುದರಿಂದ ಹೇಳುತ್ತಿದ್ದೇನೆ.

ನಡೆದದ್ದು ಇಷ್ಟು. ಮುನ್ಸೂಚನೆ ಇಲ್ಲದೆ ತಿಂಗಳಿಗೊಮ್ಮೆ ಮನೆ ನೋಡಬೇಕೆಂಬ ಠರಾವಿನಂತೆ ಸಮಿತಿಯ ಮೂವರು ಅಂದು ಹೋಗಿದ್ದರು. ಮೈಲಾರಪ್ಪ ಆಗತಾನೆ ರೈಲಿಳಿದು ಬಂದಿದ್ದ. ಎರಡೂ ಕಣ್ಣು ಕೆಂಡದಂತಿದ್ದವು. ಮೂಗು, ಬಾಯಿ ಸುರಿಯುತ್ತಿದ್ದವು. ನೆಟ್ಟಗೆ ನಿಲ್ಲಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕೈಚೀಲ ನೋಡಿದರೆ ಅದರಲ್ಲಿ ಒಂದು ಕ್ವಾರ್ಟರ್ ಬಾಟ್ಲಿ, ಅರ್ಧ ತುಂಬಿದ್ದು. ‘ಇದೇನು?’ ಎಂದು ಮೂರು ಸಲ ಕೇಳಲಾಯಿತು. ತಲೆ ತಗ್ಗಿಸಿ ನಿಂತ, ತುಟಿ ಬಿಚ್ಚಲಿಲ್ಲ. ತಪ್ಪಿಲ್ಲದವನು ಹಾಗೆ ನಿಲ್ಲುತ್ತಾನೆಯೇ?

ಈ ಮನೆಯ ಬಗ್ಗೆ ಊರಲ್ಲಿ ಏನೆಂದು ಮಾತಾಡುತ್ತಾರೆ ನಿನಗೆ ತಿಳಿಯದು. ‘ಕುಡುಕರಿಗೆ ಧರ್ಮಛತ್ರ’ ಎನ್ನುತ್ತಾರೆ. ಒಬ್ಬನನ್ನು ಸಹಿಸಿದರೆ ನಾಲ್ವರ ಸೂರು ಹೋಗುತ್ತದೆ. ಸಮಿತಿ ಅದನ್ನೇ ನೋಡಿತು.

ನಿನ್ನ ಪತ್ರದಲ್ಲಿ ಸಿಟ್ಟು ಬಹಳ ಇತ್ತು. ಬರೆದವನು ಆ ಹುಡುಗನ ಜೋಡಿಯೇ ಅಲ್ಲವೇ? ಹುಡುಗನ ಕೈಯಿಂದ ಬರೆಸಿದರೆ ಹುಡುಗನ ಸಿಟ್ಟೂ ಸೇರಿಕೊಳ್ಳುತ್ತದೆ. ನಿನ್ನ ಕೈಯಿಂದ ಬರೆಯುವಂತಾದ ಮೇಲೆ ನಿಧಾನವಾಗಿ ಮಾತಾಡೋಣ.

ಹಾಲೇಶಪ್ಪ


ರಾಣೇಬೆನ್ನೂರು
17 ಮಾರ್ಚ್ 1993

ಅಧ್ಯಕ್ಷರಿಗೆ ನಮಸ್ಕಾರ.

ಇದು ನನ್ನ ಕೈ. ಸಾಲುಗಳು ಏರಿಳಿದಿದ್ದರೆ ಕ್ಷಮಿಸಿ. ಸಿಟ್ಟು ಅದೇ ಇದೆಯೋ ಇಲ್ಲವೋ ನೀವೇ ನೋಡಿಕೊಳ್ಳಿ.

ಭಾನುವಾರ ಪ್ಯಾಸೆಂಜರ್ ಗಾಡಿಗೆ ಸಲಾವುದ್ದೀನನ ಹೆಗಲು ಹಿಡಿದು ಬ್ಯಾಡಗಿಗೆ ಹೋಗಿದ್ದೆ. ಮೈಲಾರಪ್ಪನ ಸೋದರತ್ತೆ ಉಡಚವ್ವ ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ. ಗೇಟಿನಲ್ಲೇ ನನಗೆ ಕೆಮ್ಮು ಹತ್ತಿತು. ಒಳಗೆ ಮೂವತ್ತು ನಲವತ್ತು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಕೆಂಪು ರಾಶಿಗಳ ನಡುವೆ ಕುಳಿತಿದ್ದರು. ಆ ಘಾಟು ನಮ್ಮ ಸೀಮೆಯ ಅಡುಗೆಗೆ ಬಣ್ಣ ಕೊಡುವ ವಸ್ತುವಿನದು, ನಿಮಗೆ ಹೊಸದಲ್ಲ. ಆದರೆ ಆ ರಾಶಿಗಳ ನಡುವೆ ಒಂದು ಹಗಲು ಕಳೆದವನ ಕಣ್ಣು ಹೇಗಿರುತ್ತದೆಂದು ನೀವೂ ನಾನೂ ಎಂದಾದರೂ ನಿಂತು ನೋಡಿದ್ದೇವೆಯೇ?

ಉಡಚವ್ವ ನನ್ನನ್ನು ಕಂಡು ಎದ್ದು ಬಂದಳು.

“ಬರ್ರಿ ಮಾಸ್ತರ, ಕುಂದ್ರಿ. ಕಣ್ಣಿಗೆ ಪಟ್ಟಿ ಕಟಗೊಂಡ ಬಂದೀರಿ? ಇರಲಿ ಬಿಡ್ರಿ. ಕಣ್ಣ ಇದ್ದಾವ್ರೂ ಭಾಳ ಏನ ನೋಡಿಲ್ಲ.”

ಮೈಲಾರಪ್ಪ ಚೀಲ ಇಳಿಸಿ ಬಂದು ಕಾಲು ಮುಟ್ಟಿದ. ಕಣ್ಣು ಕೆಂಪಗಿದ್ದವು, ಮೂಗು ಸುರಿಯುತ್ತಿತ್ತು. ನೀವು ಬರೆದ ಚಿತ್ರ ಅಕ್ಷರ ತಪ್ಪದೆ ನನ್ನ ಮುಂದೆ ನಿಂತಿತ್ತು. ಭಾನುವಾರ ಅವನು ಅತ್ತೆಯನ್ನು ನೋಡಲು ಹೋಗುತ್ತಾನೆಂದಷ್ಟೇ ನನಗೆ ಗೊತ್ತಿತ್ತು. ಸುಗ್ಗಿಯಲ್ಲಿ ಅವಳ ಜೊತೆ ದುಡಿಯುತ್ತಾನೆಂದು ತಿಳಿದಿರಲಿಲ್ಲ. ಅಂದು ಸೋಮವಾರದ ಪೇಟೆಗೆ ರಾತ್ರಿಯಿಡೀ ರಾಶಿ ಹಾಕಿ, ನಿದ್ದೆಯಿಲ್ಲದೆ ಮೊದಲ ಗಾಡಿಗೆ ಬಂದಿದ್ದ.

“ಮತ್ತ ಬಾಟ್ಲಿ?” ಎಂದೆ.

ಉಡಚವ್ವ ಎರಡೂ ಅಂಗೈ ನನ್ನ ಮುಖದ ಹತ್ತಿರ ಹಿಡಿದಳು. “ಮೂಸಿ ನೋಡ್ರಿ. ಶೇಂಗಾ ಎಣ್ಣಿ. ಇದನ್ನ ಹಚಗೊಳ್ಳದಿದ್ರ ಕೈ ಬೆಂಕಿ ಹಚ್ಚಿಧಂಗ ಉರೀತಾವ. ಸುಲದ ಬೆಳ್ಳುಳ್ಳಿ ಆಗೇತಿ ಇವನ ಬೆರಳು, ರಾತ್ರಿ ಹಚಗೋ ಅಂತ ನಾನ ತುಂಬಿ ಕೊಟ್ಟೀನಿ. ಬಡವರ ಮನ್ಯಾಗ ಎಣ್ಣಿಗೆ ಬೆಳ್ಳಿ ಗಿಂಡಿ ಎಲ್ಲಿಂದ ತರೂಣ್ರಿ? ಹಾದ್ಯಾಗ ಸಿಕ್ಕ ಶೆರೆ ಬಾಟ್ಲೀನ ನಮಗ ಗಿಂಡಿ.”

“ಯಾರೂ ಮುಚ್ಚಳ ತೆಗೀಲಿಲ್ಲೇನೋ?” ಎಂದು ಮೈಲಾರಪ್ಪನನ್ನು ಕೇಳಿದೆ.

“ಇಲ್ರಿ ಸರ. ಬೆಳಕಿಗೆ ಹಿಡದ ನೋಡಿದ್ರು. ಬಣ್ಣ ನೋಡಿ ತಲಿ ಅಳ್ಳಾಡ್ಸಿದ್ರು.”

“ಎಣ್ಣಿ ಐತ್ರಿ ಅಂತ ಒಂದ ಮಾತ ಹೇಳಾಕ ನಿನಗೇನಾಗಿತ್ತು?”

ಅವನು ನನ್ನನ್ನೇ ನೋಡಿದ. “ನೀವ ಹೇಳೀರಲ್ರಿ, ತನ್ನ ಬಗ್ಗೆ ತಾ ಹೇಳಬಾರದು, ಜೋಡಿದಾಂವ ಹೇಳಬೇಕಂತ. ಸಲಾವುದ್ದೀನ ಊರಾಗ ಇರಲಿಲ್ಲ. ಅಂವ ಬರೂತನಾ ತಡೀತಾರ ಅಂದಕೊಂಡೆ.”

ರಂಜಾನ್ ಹತ್ತಿರ ಬಂದಿತ್ತೆಂದು ಸಲಾವುದ್ದೀನ ಅಂದು ಹಾವೇರಿಯಲ್ಲಿ ತಾಯಿಯ ಹತ್ತಿರ ಇದ್ದ.

“ಕೇಳಿದ್ರೇನ್ರಿ?” ಎಂದಳು ಉಡಚವ್ವ. “ಇವನ ಬಾಯಿಗೆ ಬೀಗ ಹಾಕಿ ಕೀಲೀನ ಇನ್ನೊಬ್ಬನ ಕೈಯಾಗ ಕೊಟ್ಟೀರಿ. ಏನ ಶಾಣ್ಯಾತನರೀ ಮಾಸ್ತರ ನಿಮ್ಮದು!”

“ಕೀಲಿ ತಗೊಂಡ ನಾ ಊರಿಗೆ ಹೋಗಿದ್ನಿ ಅತ್ತೀ, ತಪ್ಪ ನಂದು,” ಎಂದ ಸಲಾವುದ್ದೀನ.

“ಏ, ನೀ ಸುಮ್ಮನಿರು. ನಿನ್ನ ಬಗ್ಗೆ ನೀ ಮಾತಾಡಬಾರದಲ್ಲ!”

ಸುತ್ತಲಿನ ಹೆಂಗಸರೆಲ್ಲ ಸೆರಗಿನೊಳಗೇ ನಕ್ಕರು. ಮೈಲಾರಪ್ಪನೂ ನಕ್ಕ. ನನಗೆ ನಗಲಾಗಲಿಲ್ಲ. ಆ ಹುಡುಗನ ಮೌನ ನಾನು ಕಲಿಸಿದ್ದು.

ಅವನನ್ನು ಕರೆತಂದು ನನ್ನ ಸ್ವಂತ ಮನೆಯ ಪಡಸಾಲೆಯಲ್ಲಿ ಇಟ್ಟುಕೊಂಡಿದ್ದೇನೆ. ಸಮಿತಿಯ ಮನೆಗೆ ಕರೆದುಕೊಳ್ಳುವ ಅಧಿಕಾರ ನನಗಿಲ್ಲ. ಬಾಟ್ಲಿಯಲ್ಲಿದ್ದದ್ದು ಎಣ್ಣೆ, ಅವನ ಬಾಯಲ್ಲಿ ಸಾರಾಯಿ ಇರಲಿಲ್ಲ. ಚೀಟಿ ತೆಗೆಸಿ, ಅದೇ ಜಾಗದಲ್ಲಿ ತಪ್ಪಾಯಿತೆಂದು ಬರೆಸಿ.

ಉಡಚವ್ವ ಇನ್ನೂ ಒಂದೆರಡು ಮಾತು ಆಡಿದಳು. ಅವು ಇಲ್ಲಿ ಬೇಡ.

ಮಾಲತೇಶಪ್ಪ


ಹಾವೇರಿ
24 ಮಾರ್ಚ್ 1993, ಯುಗಾದಿ

ಪ್ರಿಯ ಮಾಲತೇಶಪ್ಪ,

ಹಬ್ಬದ ದಿನ ಬರೆಯುತ್ತಿದ್ದೇನೆ, ಸಿಹಿಯಾಗಿಯೇ ಬರೆಯಬೇಕೆಂದಿದ್ದೇನೆ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎಣ್ಣೆಯ ಮಾತು ನಿಜವಿದ್ದೀತು. ಒಂದು ದಾರಿ ತೋರುತ್ತದೆ. ‘ನನ್ನಿಂದ ಅನುಮಾನಕ್ಕೆ ಎಡೆಯಾಯಿತು, ಮುಂದೆ ಹೀಗಾಗದು’ ಎಂದು ಹುಡುಗ ಎರಡು ಸಾಲು ಬರೆದುಕೊಡಲಿ. ಜೂನ್‌ನಲ್ಲಿ ಹೊಸ ಅರ್ಜಿಯ ಮೇಲೆ ಸೇರಿಸಿಕೊಳ್ಳುತ್ತೇವೆ. ಚೀಟಿ ಬೇಸಿಗೆ ರಜೆಯಲ್ಲಿ ಸುಣ್ಣ ಬಳಿಯುವಾಗ ತಾನಾಗಿಯೇ ಹೋಗುತ್ತದೆ. ಯಾರಿಗೂ ನೋವಿಲ್ಲ.

ಇನ್ನೊಂದು ವಿಷಯ. ಬ್ಯಾಡಗಿಯಿಂದ ನಮ್ಮ ಅಂಗಡಿಗೆ ಬರುವವರೊಬ್ಬರು, ಫೆಬ್ರುವರಿ ಕೊನೆಯ ವಾರದಲ್ಲಿ ಮೈಲಾರಪ್ಪನನ್ನು ಸಾರಾಯಿ ಅಂಗಡಿಯ ಮುಂದೆ ನಿಲ್ಲಲಾರದ ಸ್ಥಿತಿಯಲ್ಲಿ ಕಂಡೆನೆಂದು ಹೇಳಿದರು. ಅವರಿಗೆ ಸುಳ್ಳು ಹೇಳುವ ಕಾರಣವಿಲ್ಲ. ನಿನ್ನ ಅಷ್ಟು ಉದ್ದದ ಪತ್ರದಲ್ಲಿ ಈ ಸಂಗತಿ ಯಾಕಿಲ್ಲ? ‘ಇಲ್ಲಿ ಬೇಡ’ ಎಂದು ನೀನು ಬಿಟ್ಟದ್ದು ಇದೇ ಏನು?

ಹಾಗಿದ್ದರೆ ಸಮಿತಿಯ ನಿರ್ಣಯ ಸರಿಯೇ ಆಯಿತಲ್ಲ, ಗೆಳೆಯಾ.

ಹಾಲೇಶಪ್ಪ


ರಾಣೇಬೆನ್ನೂರು
29 ಮಾರ್ಚ್ 1993

ಹಾಲೇಶಪ್ಪ,

ಹೌದು, ಅದೇ. ಬಚ್ಚಿಟ್ಟದ್ದು ನನ್ನ ತಪ್ಪು. ಇದನ್ನು ಗೆಳೆಯನಿಗೇ ಬರೆಯುತ್ತಿದ್ದೇನೆ.

ಉಡಚವ್ವ ಹೇಳಿದ್ದು ಹೀಗೆ: “ಇನ್ನೊಂದ ಕೇಳ್ರಿ ಮಾಸ್ತರ. ಇಂವ ತಾನಾಗಿ ಹೇಳಾಂವಲ್ಲ, ನಾ ಹೇಳತೇನಿ. ಮೂರು ದಿನ ಮುಸುಕ ಹಾಕ್ಕೊಂಡ ಮಲಗಿದ್ದ. ಗುರುವಾರ ಎದ್ದ ಹೋಗಿ ಕುಡದ ಬಂದ. ‘ಹೆಂಗೂ ಹೆಸರ ಬರದ ಹಚ್ಯಾರ, ಬರೇ ಹೆಸರಷ್ಟ ಯಾಕ ಇರಬೇಕು’ ಅಂದ. ನಾ ಕಸಬರಗಿ ತಗೊಂಡ ಬಡದೇನಿ, ಆಮ್ಯಾಲೆ ತೊಡೀ ಮ್ಯಾಲ ಮಲಗಿಸಿಕೊಂಡ ಅತ್ತೇನಿ. ಅವತ್ತಿಂದ ಮುಟ್ಟಿಲ್ಲ. ನಾ ಕಾದೇನಿ, ನನಗ ಗೊತ್ತೈತಿ.”

ಇದನ್ನು ನಿನಗೆ ಬರೆದರೆ ‘ನೋಡು, ನಾವು ಹೇಳಿದ್ದೇ ಸರಿ’ ಎನ್ನುತ್ತೀ ಎಂದು ಹೆದರಿದೆ. ನೀನು ಹಾಗೆಯೇ ಅಂದೆ. ಆದರೆ ತಾರೀಖು ನೋಡು. ನೀವು ಹೊರಗೆ ಹಾಕಿದ್ದು 22ಕ್ಕೆ. ಹೆಸರು ಹಚ್ಚಿದ್ದು 23ಕ್ಕೆ. ಅವನು ಕುಡಿದದ್ದು 25ಕ್ಕೆ. ಮುಂದೆ ಆದದ್ದನ್ನು ತಂದು ಹಿಂದೆ ಮಾಡಿದ ಕೆಲಸಕ್ಕೆ ಕಾರಣ ಮಾಡಲಾಗದು. ಶಾಲೆಯಲ್ಲಿ ಮೂವತ್ತೆರಡು ವರ್ಷ ಇತಿಹಾಸ ಕಲಿಸಿದ್ದೇನೆ. ಇಸವಿ ಹಿಂದುಮುಂದು ಮಾಡಿದ ಹುಡುಗನಿಗೆ ಅಂಕ ಕೊಟ್ಟವನಲ್ಲ.

ನಿನಗೆ ನೆನಪಿಲ್ಲದಿರಬಹುದು, ನನಗಿದೆ. 1946ರಲ್ಲಿ ನಮ್ಮ ಬೋರ್ಡಿಂಗಿನಲ್ಲಿ ಮೈಲಪ್ಪ ಎಂಬ ಹುಡುಗ ಹಿತ್ತಾಳೆ ಚರಿಗೆ ಕದ್ದನೆಂದು ಮಳೆಗಾಲದಲ್ಲಿ ಓಡಿಸಿದರು. ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆದಾಗ ಚರಿಗೆ ಮೇಲೆ ಬಂತು. ಹಗ್ಗ ಹಿಡಿದವರು ನೀನು, ನಾನು. ಮೇಲ್ವಿಚಾರಕರು ಚರಿಗೆ ತೊಳೆಸಿ ಗೂಟಕ್ಕೆ ಸಿಕ್ಕಿಸಿ, ‘ಆದದ್ದಾಯಿತು’ ಎಂದರು. ಮೈಲಪ್ಪನ ಊರು ನಮ್ಮಿಬ್ಬರಿಗೂ ಗೊತ್ತಿತ್ತು. ಹೇಳಿ ಕಳಿಸಲಿಲ್ಲ. ಅದೇ ಬಾವಿಯ ನೀರು ಕುಡಿದು ಮ್ಯಾಟ್ರಿಕ್ ಪಾಸಾದೆವು.

ಈಗ ಮೈಲಾರಪ್ಪ ನನ್ನ ಪಡಸಾಲೆಯಲ್ಲಿ ಓದುತ್ತಾನೆ. ಸಲಾವುದ್ದೀನ ದಿನಾ ಬಂದು ಪಾಠದ ಟಿಪ್ಪಣಿ ಕೊಡುತ್ತಾನೆ. ಆದರೆ ಹಾಲ್ ಟಿಕೆಟ್ ತರಲು ಆ ಬೋರ್ಡನ್ನು ದಾಟಿ ಆಫೀಸಿಗೆ ಹೋಗಬೇಕು. “ಆ ಚೀಟಿ ಇರೂತನಾ ಆ ಬಾಗಲಾ ದಾಟಾಕ ಆಗೂದಿಲ್ರಿ ಸರ,” ಎನ್ನುತ್ತಾನೆ. ಸ್ವತಃ ಬಂದು ಸಹಿ ಮಾಡದೆ ಟಿಕೆಟ್ ಕೊಡುವುದಿಲ್ಲ. ನಿನ್ನ ಸುಣ್ಣ ಬಳಿಯುವ ಕಾಲಕ್ಕೆ ಪರೀಕ್ಷೆ ಮುಗಿದಿರುತ್ತದೆ. ಅವನು ಮಾಡದ ತಪ್ಪಿಗೆ ಎರಡು ಸಾಲು ಬರೆದುಕೊಡುವಂತೆ ನಾನಂತೂ ಹೇಳಲಾರೆ.

ಒಂದು ಕೇಳುತ್ತೇನೆ. ‘ಸಮಿತಿ ನೋಡಿತು’, ‘ಕೇಳಲಾಯಿತು’ ಎಂದು ಬರೆಯುತ್ತೀ. ಸಮಿತಿಗೆ ಕಣ್ಣಿಲ್ಲ, ಕೈಯಿಲ್ಲ. ಆ ಮೂವರಲ್ಲಿ ಬಾಟ್ಲಿಯನ್ನು ಬೆಳಕಿಗೆ ಹಿಡಿದವರು ಯಾರು? ಹುಡುಗನನ್ನು ಕೇಳಿದರೆ, “ನಾ ಅವರ ಬಗ್ಗೆ ಹೇಳೂದಿಲ್ರಿ,” ಎಂದ.

ಮಾಲತೇಶ


ಹಾವೇರಿ
5 ಏಪ್ರಿಲ್ 1993

ಮಾಲತೇಶ,

ನಾನೇ.

ಮೊದಲ ಪತ್ರದಲ್ಲೇ ಬರೆಯಬೇಕಿತ್ತು. ಮೂವರು ಹೋಗಿದ್ದರು ಎಂದು ಬರೆದೆ, ಆ ಮೂವರಲ್ಲಿ ನಾನಿದ್ದೆ ಎಂದು ಬರೆಯಲಿಲ್ಲ. ಉಳಿದ ಇಬ್ಬರು, ಮಾಸ್ತರು ಬರಲಿ, ತಡೆಯೋಣ ಎಂದರು. ಬೇಡವೆಂದವನು ನಾನು.

ನಮ್ಮಣ್ಣ ಪರಮೇಶಪ್ಪನನ್ನು ನೀನು ಕಂಡಿದ್ದೀ, ಅವನು ಕುಡಿಯುತ್ತಿದ್ದದ್ದು ಕಂಡಿಲ್ಲ. ನಾನು ಎಂಟು ವರ್ಷದವನಿದ್ದಾಗಿಂದ ಅವನು ಬಾಗಿಲಿಗೆ ಬಂದ ಕೂಡಲೇ ಕಣ್ಣು ನೋಡುತ್ತಿದ್ದೆ. ಕೆಂಪಗಿದ್ದರೆ ತಂಗಿಯರನ್ನು ಕರೆದುಕೊಂಡು ಹಿತ್ತಲಿಗೆ ಓಡಬೇಕು, ಬೆಳ್ಳಗಿದ್ದರೆ ಉಣ್ಣಲು ಕೂಡಬಹುದು. ಒಂದು ಸಲವೂ ತಪ್ಪಿರಲಿಲ್ಲ. ಕಣ್ಣು ನೋಡಿದರೆ ಸಾಕು, ಬೇರೆ ಏನೂ ಕೇಳಬೇಕಿಲ್ಲ ಎಂದು ಐವತ್ತು ವರ್ಷ ನಂಬಿಕೊಂಡು ಬಂದೆ. ಆ ಹುಡುಗ ಬಾಗಿಲಲ್ಲಿ ನಿಂತಾಗ ನನಗೆ ಮೈಲಾರಪ್ಪ ಕಾಣಲಿಲ್ಲ. ಮುಚ್ಚಳ ತೆಗೆಯುವುದು ತೋಚಲೂ ಇಲ್ಲ.

ಕಳೆದ ಗುರುವಾರ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ಪೇಟೆಯಲ್ಲಿ ಒಂದು ತಾಸು ನಿಂತು ಬಂದೆ. ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಹೆಚ್ಚಿಗೆ ಬರೆಯಲಾರೆ.

ಚೀಟಿಯನ್ನು ನಾಳೆಯೇ ತೆಗೆಸುತ್ತೇನೆ. ಹುಡುಗ ಮನೆಗೆ ಬರಲಿ, ಯಾವ ಅರ್ಜಿಯೂ ಬೇಡ. ಆದರೆ ಈ ಪತ್ರ ನಮ್ಮಿಬ್ಬರಲ್ಲೇ ಇರಲಿ. 18ಕ್ಕೆ ಸಮಿತಿಯ ವಾರ್ಷಿಕ ಸಭೆ ಇದೆ, ಊರಿನವರೆಲ್ಲ ಬರುತ್ತಾರೆ. ಈ ವಯಸ್ಸಿನಲ್ಲಿ ಅಣ್ಣನ ಹೆಸರು ಬಯಲಿಗೆಳೆಯಲಾರೆ. ಇಷ್ಟಕ್ಕೆ ಮುಗಿಸೋಣ.

ಹಾಲೇಶ


ರಾಣೇಬೆನ್ನೂರು
10 ಏಪ್ರಿಲ್ 1993

ಹಾಲೇಶ,

ನಿನ್ನ ಪತ್ರ ತಲುಪಿತು. ಅದನ್ನು ಯಾರಿಗೂ ತೋರಿಸಿಲ್ಲ, ತೋರಿಸುವುದಿಲ್ಲ. ನಿಮ್ಮಣ್ಣನ ಹೆಸರು ನನ್ನ ಬಾಯಿಂದ ಬರುವುದಿಲ್ಲ, ನೀನೂ ತರಬೇಕಾಗಿಲ್ಲ. ಎಂಟು ವರ್ಷದ ನೀನು ತಂಗಿಯರ ಕೈ ಹಿಡಿದು ಹಿತ್ತಲಿಗೆ ಓಡುತ್ತಿದ್ದದ್ದನ್ನು ನೆನೆದು ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಒಂದೇ ಚಾಪೆಯಲ್ಲಿ ಮಲಗಿದರೂ ನನಗೆ ನೀನು ಹೇಳಿರಲಿಲ್ಲ.

ಚೀಟಿ ಹೋಯಿತು. ಬುಧವಾರ ಸಲಾವುದ್ದೀನ ನೋಡಿ ಓಡಿ ಬಂದು ಹೇಳಿದ. ಮೈಲಾರಪ್ಪ ಅಂಗಿ ಹಾಕಿಕೊಂಡು ಕಾಲೇಜಿನ ತನಕ ಹೋದ. ಅರ್ಧ ತಾಸಿಗೆ ತಿರುಗಿ ಬಂದ, ಟಿಕೆಟ್ ಇಲ್ಲದೆ. ಬೋರ್ಡಿನ ಮುಂದೆ ನಿಂತಿದ್ದ ಇಬ್ಬರು ಹುಡುಗರು ಇವನನ್ನು ಕಂಡು, “ಏನಲೇ, ದೊಡ್ಡವರ ಕಾಲ ಹಿಡದಿ? ಚೀಟಿ ಹರಸೀದಿ?” ಎಂದರಂತೆ. ಹೆಸರು ಹಚ್ಚಿದ್ದನ್ನು ಎಲ್ಲರೂ ಓದಿದ್ದಾರೆ. ತೆಗೆದದ್ದು ಯಾಕೆಂದು ಯಾರೂ ಓದಿಲ್ಲ. ಖಾಲಿ ಜಾಗ ಏನನ್ನೂ ಹೇಳುವುದಿಲ್ಲ, ಜನ ತಮಗೆ ಬೇಕಾದ್ದನ್ನು ಅಲ್ಲಿ ಬರೆದುಕೊಳ್ಳುತ್ತಾರೆ.

ಅವನು ಬಂದು ಪುಸ್ತಕ ತೆಗೆಯಲಿಲ್ಲ, ಗೋಡೆಗೆ ಮುಖ ಮಾಡಿ ಕುಳಿತ. ಸಲಾವುದ್ದೀನ ಕಾಲೇಜಿಗೆ ಹೋಗದೆ ಪಕ್ಕದಲ್ಲಿ ಕುಳಿತಿದ್ದಾನೆ. ಉಡಚವ್ವನಿಗೂ ಹೇಳಿ ಕಳಿಸಿದ್ದೇನೆ. ಅವನು ಮತ್ತೆ ಕುಡಿಯದಂತೆ ನಾವು ಮೂವರು ಸರದಿಯ ಮೇಲೆ ಕಾಯಬಹುದು. ಆದರೆ ಒಬ್ಬ ಮನುಷ್ಯನನ್ನು ಎಷ್ಟು ದಿನ ಕಾಯುವುದು? ಹಾಲ್ ಟಿಕೆಟ್ ಕೊಡುವ ಕೊನೆಯ ದಿನ 20.

ಗೆಳೆಯನಿಗೆ ಬರೆಯಬೇಕಾದದ್ದು ಇಲ್ಲಿಗೆ ಮುಗಿಯಿತು. ಮುಂದಿನದು ಅಧ್ಯಕ್ಷರಿಗೆ.

ಅಧ್ಯಕ್ಷರೇ,

ಏಪ್ರಿಲ್ 18ರ ಭಾನುವಾರ ನಿಮ್ಮ ವಾರ್ಷಿಕ ಸಭೆಗೆ ನಾನು ಬರುತ್ತೇನೆ. ಐರಣಿಯಿಂದ ದುರಗವ್ವ ಬರುತ್ತಾಳೆ, ಬ್ಯಾಡಗಿಯಿಂದ ಉಡಚವ್ವ ಬರುತ್ತಾಳೆ, ಮನೆಯ ಐದೂ ಹುಡುಗರು ಬರುತ್ತಾರೆ. ಮೊದಲು ಎದ್ದು ನಿಲ್ಲುವವನು ನಾನು. ಒಬ್ಬ ಹುಡುಗ ತನ್ನ ಪರವಾಗಿ ಬಾಯಿ ಬಿಡದಂಥ ಕಾಯ್ದೆ ಮಾಡಿ, ಅದನ್ನು ನಿಮ್ಮ ಸಮಿತಿಗೆ ತಿಳಿಸದೆ ನಾಲ್ಕು ವರ್ಷ ನಡೆಸಿದ ತಪ್ಪು ನನ್ನದೆಂದು ಸಭೆಯಲ್ಲಿ ಹೇಳುತ್ತೇನೆ. ಫೆಬ್ರುವರಿ 25ರಂದು ಅವನು ಕುಡಿದದ್ದನ್ನೂ ಮುಚ್ಚಿಡುವುದಿಲ್ಲ. ಅದನ್ನು ತಾನೇ ಹೇಳುತ್ತೇನೆಂದು ಅವನು ಒಪ್ಪಿದ್ದಾನೆ.

ಆಮೇಲೆ ನಿಮ್ಮ ಸರದಿ. ನನಗೆ ಪತ್ರ ಬರೆಯಬೇಡಿ, ಬರೆದರೆ ಒಡೆಯುವುದಿಲ್ಲ. ಹೆಸರನ್ನು ಊರೆದುರು ಹಚ್ಚಿದಿರಿ, ಉತ್ತರವನ್ನೂ ಊರೆದುರು ಕೊಡಿ. ಆ ತಾಯಿಯ ಮುಖ ನೋಡಿ, ‘ಸಮಿತಿ’ ಎನ್ನದೆ ‘ನಾನು’ ಎಂದು ಹೇಳಿ: ಫೆಬ್ರುವರಿ 22ರಂದು ಮೈಲಾರಪ್ಪ ಮಾಡಿದ ತಪ್ಪೇನು?

ಮಾಲತೇಶಪ್ಪ